ಕಣ್ಣೊಳಗಿನ ಹೊಟ್ಟು

ನಾವು ಅಕ್ಕತಂಗಿ ಇಬ್ಬರು. ಇಬ್ಬರಿಗೂ ಸೇರಿ ನಾಲ್ಕು ಕಣ್ಣಿದ್ದವು. ಈಗ ಎರಡು ಉಳಿದಿವೆ. ನನ್ನದು ಎಡಗಣ್ಣು, ಅಕ್ಕನದು ಬಲಗಣ್ಣು. ಹೋದ ಎರಡರಲ್ಲಿ ಒಂದನ್ನು ಒಬ್ಬ ಡಾಕ್ಟರು ಕಳೆದರು. ಇನ್ನೊಂದು ಹೇಗೆ ಹೋಯಿತೆಂದು ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಬರೆಯುವಾಗ ಸಿಟ್ಟು ಬರುತ್ತದೆ. ಬರಲಿ. ಸಿಟ್ಟು ಮಾಡಿಕೊಂಡರೆ ಕಣ್ಣಿನ ಒತ್ತಡ ಏರುತ್ತದೆ ಎಂದು ನಮ್ಮ ಯಜಮಾನರು ಹೆದರಿಸುತ್ತಾರೆ. ಮೊದಲು ಎಷ್ಟೋ ವರ್ಷ ಸಿಟ್ಟು ನುಂಗಿಕೊಂಡು ಸುಮ್ಮನೇ ಇದ್ದೆ, ಆಗಲೂ ಅದು ಏರಿತ್ತು.

ನಾನು ಭದ್ರಾವತಿಯ ಹೆಣ್ಣುಮಕ್ಕಳ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದೆ. ಯಜಮಾನರಿಗೆ ಕಾರ್ಖಾನೆಯಲ್ಲಿ ಕೆಲಸ, ವಾಸ ನ್ಯೂಟೌನಿನ ಕ್ವಾರ್ಟರ್ಸಿನಲ್ಲಿ. ಅಕ್ಕ ನೀಲಮ್ಮ ಶಿವಮೊಗ್ಗದವಳು, ಗಾಂಧಿಬಜಾರಿನ ಹಿಂದಿನ ಓಣಿಯಲ್ಲಿ ಮನೆ. ಭಾವ ಬಟ್ಟೆ ಅಂಗಡಿ ಇಟ್ಟಿದ್ದರು, ತೀರಿಕೊಂಡು ಬಹಳ ಕಾಲವಾಗಿತ್ತು. ಅಕ್ಕ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಅವ್ವ ಸತ್ತಾಗ ನನಗೆ ಆರು ವರ್ಷ. ಅಂದಿನಿಂದ ನನ್ನ ತಲೆ ಬಾಚಿ, ಹೇನು ಹೆಕ್ಕಿ, ಜಡೆ ಹಾಕಿ ಬೆಳೆಸಿದವಳು ಅವಳೇ. ನನ್ನ ತಲೆಯ ಮೇಲೆ ತನಗೊಂದು ಹಕ್ಕಿದೆ ಎಂದು ಅವಳು ಇವತ್ತಿಗೂ ನಂಬಿದ್ದಾಳೆ.

ಗಾಜನೂರಿನಲ್ಲಿ ತುಂಗೆಗೆ ಅಣೆ ಕಟ್ಟುತ್ತಿದ್ದ ಕಾಲ. ಸಂಜೆ ಬಾಗಿಲಲ್ಲಿ ನಿಂತರೆ ಬೀದಿದೀಪದ ಸುತ್ತ ಬಣ್ಣದ ಬಳೆಯೊಂದು ಕಾಣತೊಡಗಿತು. ಮಳೆಗಾಲದ ತೇವ ಇರಬೇಕು ಎಂದುಕೊಂಡೆ. ಬೇಸಿಗೆ ಬಂದರೂ ಬಳೆ ಹೋಗಲಿಲ್ಲ. ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಅಂಗೈಯೊಳಗಿನ ಲಿಂಗದ ಅಂಚು ಮಸುಕಾಗಿ ಕಾಣುತ್ತಿತ್ತು. ಒಂದು ದಿನ ಎಡಗಣ್ಣಿಗೆ ಕಸ ಬಿತ್ತೆಂದು ಅದನ್ನು ಮುಚ್ಚಿಕೊಂಡೆ ನೋಡಿ, ಬಲಗಣ್ಣಿಗೆ ಕರಿಹಲಗೆಯ ಅರ್ಧವೇ ಕಾಣಲಿಲ್ಲ. ಮುಂದಿನ ಸಾಲಿನ ಹುಡುಗಿಯರು "ಟೀಚರ್ ಕಣ್ಣು ಹೊಡೀತಾರೆ" ಎಂದು ಕಿಸಕ್ಕನೆ ನಕ್ಕರು.

ಶಿವಮೊಗ್ಗದಲ್ಲಿ ಕಣ್ಣಿಗೆ ಹೆಸರಾದ ಒಬ್ಬ ಡಾಕ್ಟರಿದ್ದರು. ಅವರ ಹೆಸರನ್ನು ಇಲ್ಲಿ ಬರೆದು ಅವರಿಗೆ ಇನ್ನಷ್ಟು ಮರ್ಯಾದೆ ಕೊಡುವ ಮನಸ್ಸಿಲ್ಲ. ಅವರ ಜಗಲಿಯ ಬೆಂಚಿನ ಮೇಲೆ, ಕಣ್ಣಿನ ಮುಂದೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡವರ ಸಾಲಿನಲ್ಲಿ ಅಕ್ಕನ ಜೊತೆ ಕೂತೆ. ಬೆಳಿಗ್ಗೆ ಕೂತವಳಿಗೆ ಮಧ್ಯಾಹ್ನ ಕರೆ ಬಂತು. ಅವರು ಟಾರ್ಚು ಬಿಟ್ಟು ನೋಡಿದ್ದು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು.

"ಪೊರೆ. ಇನ್ನೂ ಕಾಯಿ. ಹಣ್ಣಾಗ್ಲಿ, ತೆಗೆಯೋಣ" ಎಂದರು.

"ಅರ್ಧ ಹಲಗೆ ಕಾಣಲ್ಲ ಡಾಕ್ಟ್ರೇ. ದೀಪದ ಸುತ್ತ ಬಳೆ ಕಾಣ್ತದೆ."

"ಪೊರೆ ಅಂದ್ಮೇಲೆ ಎಲ್ಲಾ ಕಾಣ್ತದೆ, ಏನೂ ಕಾಣಲ್ಲ. ಹಣ್ಣಾಗ್ಲಿ ಅಂದ್ನಲ್ಲ. ಮುಂದಿನೋರು ಯಾರು?"

ಎರಡು ವರ್ಷ ಕಾಯಿ ಹಣ್ಣಾಗಲೆಂದು ಕಾದೆ. ಆರು ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗುವುದು, ಬೆಂಚು, ಟಾರ್ಚು, ಹಣ್ಣಾಗಲಿ. ನೆಂಟರಿಷ್ಟರೂ ಮನೆಗೆ ಬಂದವರೇ "ಹಣ್ಣಾಯ್ತಾ ಟೀಚರಮ್ಮ?" ಎಂದು ಕೇಳತೊಡಗಿದರು. ನನ್ನ ಕಣ್ಣಿನಲ್ಲಿ ಮಾವು ಬಿಟ್ಟಿದೆ, ಪಾಲು ಕೇಳಲು ಬಂದಿದ್ದಾರೆ ಎನ್ನುವ ಹಾಗೆ. ಕೊನೆಗೆ ಹಣ್ಣಾಯಿತೆಂದು ಬಲಗಣ್ಣಿಗೆ ಆಪರೇಷನ್ ಮಾಡಿದರು. ಪೊರೆ ತೆಗೆಯುವಾಗ ಅದು ಜಾರಿ, ಕಣ್ಣಿನೊಳಗಿನ ನೀರೆಲ್ಲ ಹೊರಗೆ ಬಂತಂತೆ. ಪಟ್ಟಿ ಬಿಚ್ಚಿದ ಮೇಲೆ ಕರಿಗುಡ್ಡೆಯ ಮುಂದಿನ ಗಾಜು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ಬೆಳಕಿಲ್ಲ, ನೆರಳಿಲ್ಲ, ನೋವು ಮಾತ್ರ ಬೇಕಾದಷ್ಟು ಇತ್ತು.

"ಹಣೆಬರಹ ಟೀಚರಮ್ಮ" ಎಂದರು ಡಾಕ್ಟರು. "ಇನ್ನೊಂದಿದೆಯಲ್ಲ, ಅದೂ ಹಣ್ಣಾಗ್ಲಿ, ನೋಡೋಣ."

ಆ ಮಾತು ಕೇಳಿದ ಮೇಲೂ ನಾನು ಕೈಮುಗಿದು ಎದ್ದು ಬಂದೆ. ಈಗ ನೆನೆಸಿಕೊಂಡರೆ ನನ್ನ ಕೈಯ ಮೇಲೇ ಸಿಟ್ಟು ಬರುತ್ತದೆ.

ವರ್ಷ ಕಳೆಯುವುದರೊಳಗೆ ಎಡಗಣ್ಣಿನ ದೀಪಕ್ಕೂ ಬಳೆ ಬಂತು. ಅಷ್ಟರಲ್ಲಿ ಶಿವಮೊಗ್ಗಕ್ಕೆ ಒಬ್ಬ ಹೊಸ ಡಾಕ್ಟರು ಬಂದು ದುರ್ಗಿಗುಡಿಯಲ್ಲಿ ಸಣ್ಣ ಆಸ್ಪತ್ರೆ ತೆರೆದಿದ್ದರು. ಇನ್ನೂ ಎಳೆ ಪ್ರಾಯ, ಮೀಸೆ ಸರಿಯಾಗಿ ಬಲಿತಿರಲಿಲ್ಲ. ಅಕ್ಕನಿಗೆ ಅವರ ಮೇಲೆ ನಂಬಿಕೆಯೇ ಬರಲಿಲ್ಲ. ಆದರೆ ಅವರ ಹತ್ತಿರ ಒಂದು ಯಂತ್ರವಿತ್ತು. ಗದ್ದವನ್ನು ಅದರ ಮೇಲಿಟ್ಟು ಕೂತರೆ ಕತ್ತಿಯ ಅಲಗಿನಂಥ ಬೆಳಕನ್ನು ಕಣ್ಣೊಳಗೆ ಬಿಟ್ಟು ಆ ಕಡೆಯಿಂದ ನೋಡುತ್ತಿದ್ದರು. ಬಹಳ ಹೊತ್ತು ನೋಡಿದರು. ಆಮೇಲೆ ಮಲಗಿಸಿ, ಔಷಧಿ ಹಾಕಿ, ಸಣ್ಣ ಲೋಹದ ಸಾಧನವೊಂದನ್ನು ಕಣ್ಣುಗುಡ್ಡೆಯ ಮೇಲೆ ನಿಲ್ಲಿಸಿ ಒತ್ತಡ ಅಳೆದರು. ನಾನು ಮಂಚದ ಅಂಚನ್ನು ಬಿಗಿಯಾಗಿ ಹಿಡಿದದ್ದನ್ನು ನೋಡಿ ತಮ್ಮ ಕೈಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟು, "ಇದನ್ನ ಹಿಡ್ಕೊಳ್ಳಿ ತಾಯಿ, ಟಿಕ್ ಟಿಕ್ ಎಣಿಸ್ತಿರಿ" ಎಂದರು. ಅದೊಂದು ದಯೆಯನ್ನು ನಾನು ಮರೆಯುವುದಿಲ್ಲ.

ಎದ್ದು ಕೂತ ಮೇಲೆ ಹೇಳಿದರು. ಅಕ್ಕ ಪಕ್ಕದಲ್ಲೇ ನಿಂತಿದ್ದಳು.

"ಪೊರೆ ಒಂದೇ ಅಲ್ಲ ಟೀಚರಮ್ಮ. ಕಣ್ಣೊಳಗೆ ತಲೆಹೊಟ್ಟಿನ ಥರ ಬಿಳೀದು ಉದುರ್ತಾ ಇದೆ. ಪಾಪೆ ಅಂಚಿನಲ್ಲಿ ಕೂತಿದೆ, ಮುಂದಿನ ಗಾಜಿನ ಒಳಮೈಗೂ ಅಂಟಿದೆ. ಕಣ್ಣಿನ ನೀರು ಹೋಗೋ ಮೋರಿಗೆ ಕಟ್ಟಿಕೊಂಡ್ರೆ ಒತ್ತಡ ಏರುತ್ತೆ, ನರ ಒಣಗುತ್ತೆ. ಬಲಗಣ್ಣಿನ ನರ ಆಪರೇಷನ್ನಿಗೆ ಮುಂಚೇನೇ ಹೋಗಿರಬೇಕು. ಪೊರೆ ಹಿಡ್ಕೊಂಡಿರೋ ಎಳೆಗಳೂ ಇದರಿಂದ ಸಡಿಲ ಆಗ್ತವೆ, ಅದಕ್ಕೇ ಜಾರಿರೋದು."

"ಎಲ್ಲಿಂದ ಬರ್ತದೆ ಇದು?" ಎಂದು ಕೇಳಿದೆ.

"ಗೊತ್ತಿಲ್ಲ" ಎಂದರು. "ನಮಗ್ಯಾರಿಗೂ ಸರಿಯಾಗಿ ಗೊತ್ತಿಲ್ಲ. ಎಡಗಣ್ಣಿನ ನರ ಇನ್ನೂ ಇದೆ. ಅದನ್ನ ಉಳಿಸ್ಕೊಳ್ಳೋಣ."

ಇಷ್ಟು ವರ್ಷಗಳಲ್ಲಿ ಒಬ್ಬ ಡಾಕ್ಟರ ಬಾಯಿಂದ ಗೊತ್ತಿಲ್ಲ ಎಂಬ ಮಾತನ್ನು ಅಂದೇ ಮೊದಲು ಕೇಳಿದ್ದು. ಎದ್ದವಳೇ ನೆಟ್ಟಗೆ ಹಳೆಯ ಡಾಕ್ಟರ ಮನೆಗೆ ಹೋದೆ. ಅಕ್ಕ ಸೆರಗು ಹಿಡಿದು ಎಳೆದರೂ ನಿಲ್ಲಲಿಲ್ಲ. ಬೆಂಚಿನ ಮೇಲಿದ್ದವರನ್ನು ದಾಟಿ ಒಳಗೆ ನುಗ್ಗಿ, ಪೊರೆಯ ಹಿಂದೆ ಕಣ್ಣು ಸಾಯುತ್ತಿತ್ತು, ನೀವು ನೋಡಲೇ ಇಲ್ಲ ಎಂದೆ.

ಅವರು ಕನ್ನಡಕ ಒರೆಸಿಕೊಂಡರು. "ಆ ಮೆಷಿನ್ನು ನನ್ನ ಹತ್ರ ಎಲ್ಲಿದೆಯಮ್ಮ?"

"ಮೆಷಿನ್ನು ಇರ್ಲಿಲ್ಲ, ಒಪ್ಪಿದೆ. ನನಗೆ ಗೊತ್ತಾಗ್ತಿಲ್ಲ, ಬೇರೆ ಕಡೆ ತೋರಿಸ್ಕೊ ಅನ್ನೋಕೆ ಬಾಯಿ ಇತ್ತಲ್ಲ ಡಾಕ್ಟ್ರೇ?"

ಬೆಂಚಿನ ಸಾಲೆಲ್ಲ ನನ್ನ ಕಡೆ ತಿರುಗಿತು. ಅಷ್ಟು ಜನರ ಎದುರು ಹಾಗೆ ಕೇಳಿದೆನಲ್ಲ ಎಂದು ಮನೆಗೆ ಬರುವವರೆಗೂ ಎದೆ ಹಗುರವಾಗಿತ್ತು.

ಆದರೆ ಅಕ್ಕನ ತಲೆಯಲ್ಲಿ ಬೇರೆಯೇ ನಡೆಯುತ್ತಿತ್ತು. ಡಾಕ್ಟರು ಹೇಳಿದ್ದರಲ್ಲಿ ಅವಳ ಕಿವಿಗೆ ಬಿದ್ದದ್ದು ಒಂದೇ ಮಾತು, ತಲೆಹೊಟ್ಟು.

"ನಾನು ಬಡ್ಕೊಂಡೆ. ತಲೆಗೆ ಎಣ್ಣೆ ಹಾಕ್ಕೊಳೇ, ಎಣ್ಣೆ ಹಾಕ್ಕೊಳೇ ಅಂತ. ಶಾಲೆ ಶಾಲೆ ಅಂತ ಒಣ ತಲೆ ಬಾಚ್ಕೊಂಡು ಓಡ್ದೆ. ಈಗ ನೋಡು, ಹೊಟ್ಟು ಕಣ್ಣಿಗೇ ಇಳೀತು."

"ಥರ ಅಂದ್ರು ಅಕ್ಕ. ಹೊಟ್ಟಿನ ಥರ."

"ಥರಾನೋ ಗಿರಾನೋ, ಹೊಟ್ಟು ಹೊಟ್ಟೇ. ಸುಮ್ನೆ ಕೂತ್ಕೊ ಮಾರಾಯ್ತಿ."

ನಾನು ಟೀಚರು. ಥರ, ಹಾಗೆ, ಅಂತೆ ಎಂದು ಬಂದರೆ ಉಪಮೆ ಎಂದು ವರ್ಷಗಟ್ಟಲೆ ಪಾಠ ಮಾಡಿದವಳು. ಆದರೂ ಸುಮ್ಮನೆ ಕೂತೆ. ಒಂದು ಕಣ್ಣು ಹೋದವಳಿಗೆ ಇನ್ನೊಂದರ ಭಯ ಎಷ್ಟಿರುತ್ತದೆ ಎಂದರೆ, ಉಪಮೆಗೂ ಹರಳೆಣ್ಣೆ ಹಚ್ಚಿಸಿಕೊಳ್ಳುತ್ತಾಳೆ. ಡಾಕ್ಟರ ಔಷಧಿಯ ಜೊತೆಗೆ ಅಕ್ಕನ ಔಷಧಿಯೂ ಶುರುವಾಯಿತು. ಅವಳ ಮನೆಯಲ್ಲೇ ನನ್ನನ್ನು ಇರಿಸಿಕೊಂಡು ದಿನ ಬಿಟ್ಟು ದಿನ ಎಣ್ಣೆ, ಮೆಂತ್ಯ, ನಿಂಬೆರಸ, ಸೀಗೆಕಾಯಿ. ಓಣಿಯ ಹೆಂಗಸರೆಲ್ಲ ಬಂದು ನನ್ನ ಬೈತಲೆ ಬಿಡಿಸಿ ನೋಡಿ ಹೋದರು. ಕಾಯಿಲೆಯೆಂದರೆ ಕನಿಕರಪಡುತ್ತಿದ್ದರೋ ಏನೋ, ಹೊಟ್ಟು ಎಂದ ಮೇಲೆ ಅದು ಕೊಳಕಿನ ಮಾತಾಯಿತು. "ಪಾಠ ಹೇಳೋರು, ತಲೆ ನೋಡ್ಕೊಳ್ಳಕ್ಕಾಗ್ಲಿಲ್ವಾ?" ಎಂದಳು ಒಬ್ಬಳು. ಎರಡನೆಯ ವಾರ ಅಕ್ಕ ಕತ್ತರಿ ತಂದಳು.

"ಉದ್ದ ಇದ್ರೆ ಬುಡದಲ್ಲಿ ಹೊಟ್ಟು ನಿಲ್ಲುತ್ತೆ ಕಣೆ. ಬೆಳೆಯೋ ಕೂದ್ಲು, ಬೆಳೀತದೆ. ಕಣ್ಣು ಬೆಳೀತದಾ?"

ನಮ್ಮವರಲ್ಲಿ ಗಂಡ ಸತ್ತರೂ ಕೂದಲಿಗೆ ಕತ್ತರಿ ಹಾಕುವ ಪದ್ಧತಿಯಿಲ್ಲ. ಅಕ್ಕನ ಸ್ವಂತ ತುರುಬು ಆ ವಯಸ್ಸಿನಲ್ಲೂ ತೆಂಗಿನಕಾಯಿಯಷ್ಟಿತ್ತು. ಗಂಡ ಗಟ್ಟಿಮುಟ್ಟಾಗಿರುವ ನನ್ನ ಕೂದಲು ಕಿವಿಯ ಮಟ್ಟಕ್ಕೆ ಬಂತು. ಹಿತ್ತಲ ಕಲ್ಲಿನ ಮೇಲೆ ಬಿದ್ದಿದ್ದ ನನ್ನ ಜಡೆಯನ್ನು ಒಂದೇ ಕಣ್ಣಿನಲ್ಲಿ ನೋಡುತ್ತ, ಇವಳನ್ನು ನಾನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ ಎಂದುಕೊಂಡೆ.

ಮೂರನೆಯ ವಾರ ಸೀಗೆಕಾಯಿ ಕಣ್ಣಿಗೆ ಹೋಯಿತು. ಉರಿ ಎಂದರೆ ಉರಿ, ಕಣ್ಣು ಕೆಂಡವಾಯಿತು. ದುರ್ಗಿಗುಡಿಗೆ ಓಡಿದೆವು. ಡಾಕ್ಟರು ಅಕ್ಕನನ್ನು ಹೊರಗೆ ಕೂರಿಸಿ ನನ್ನೊಬ್ಬಳನ್ನೇ ಒಳಗೆ ಕರೆದರು. ಕಣ್ಣು ತೊಳೆದು, ನನ್ನ ತಲೆ ನೋಡಿ, ಏನಾಯಿತೆಂದು ಕೇಳಿದರು. ಹೇಳಿದೆ. ಅವರು ಹಣೆ ಹಿಡಿದುಕೊಂಡು ಕೂತರು.

"ಥರ ಅಂದೆ ತಾಯಿ. ಬರೀ ಥರ ಅಂದೆ. ಕಣ್ಣೊಳಗಿಂದಕ್ಕೂ ತಲೆಗೂ ಏನೇನೂ ಸಂಬಂಧ ಇಲ್ಲ." ಹೊರಬಾಗಿಲ ಕಡೆ ನೋಡಿ, "ಹೊರಗಿರೋರು ನಿಮ್ಮ ಸ್ವಂತ ಅಕ್ಕನಾ? ವಯಸ್ಸಾಗಿದೆ, ಒಡಹುಟ್ಟಿದೋರಲ್ಲೂ ಇದು ಇರಬಹುದು. ಅವರನ್ನೂ ಒಂದ್ಸಲ ನೋಡ್ತೀನಿ, ಕರೀರಿ" ಎಂದರು.

ಹೊರಗೆ ಬಂದೆ. ಅಕ್ಕ ಬೆಂಚಿನ ತುದಿಯಲ್ಲಿ ಕೂತಿದ್ದಳು.

"ನಿನ್ನನ್ನೂ ನೋಡ್ಬೇಕಂತೆ ಡಾಕ್ಟ್ರು" ಎಂದೆ.

"ನನ್ನನ್ನಾ? ನನ್ನ ತಲೇಲಿ ಹೊಟ್ಟಿದೆಯೇನೆ?" ಎಂದವಳೇ ಸೆರಗು ಸರಿಸಿ, ಅಷ್ಟು ಜನರ ಎದುರು ತಲೆ ಬಗ್ಗಿಸಿ, ಬೈತಲೆ ಬಿಡಿಸಿ ತೋರಿಸಿದಳು. "ನೋಡು. ನೋಡಿ ಹೇಳು. ಇದೆಯಾ?"

ಬುಡದವರೆಗೂ ಎಣ್ಣೆ ಕುಡಿದು ಮಿರುಗುವ ಕೂದಲು. ನನ್ನ ಬೋಳುಗತ್ತಿಗೆ ಫ್ಯಾನಿನ ಗಾಳಿ ಬಡಿಯುತ್ತಿತ್ತು.

"ಇಲ್ಲ" ಎಂದೆ. "ಒಂದೂ ಇಲ್ಲ."

"ಮತ್ತೆ?" ಎಂದು ಎದ್ದು ಮನೆಯ ಕಡೆ ನಡೆದಳು. ನಾನು ಬಸ್‌ಸ್ಟ್ಯಾಂಡಿನ ದಾರಿ ಹಿಡಿದು ಭದ್ರಾವತಿಗೆ ಬಂದುಬಿಟ್ಟೆ.

ಶಾಲೆ ಬಿಟ್ಟೆ. ದಿನಕ್ಕೆ ನಾಲ್ಕು ಸಲ ಔಷಧಿಯ ಹನಿ. ಹಾಕಿದ ಕೂಡಲೇ ಹುಬ್ಬಿನ ಮೇಲೆ ಸುತ್ತಿಗೆಯಲ್ಲಿ ಬಡಿದ ಹಾಗೆ ನೋವು, ಆಮೇಲೆ ಲೋಕವೆಲ್ಲ ಮಬ್ಬು. ಕಾರ್ಖಾನೆಯ ಸೈರನ್ನೇ ನನ್ನ ಗಡಿಯಾರವಾಯಿತು. ಬೆಳಗಿನ ಕೂಗಿಗೆ ಒಂದು, ಮಧ್ಯಾಹ್ನದ ಕೂಗಿಗೆ ಒಂದು, ಸಂಜೆ ಪಾಳಿ ಬಿಡುವಾಗ ಒಂದು, ಮಲಗುವ ಮುಂಚೆ ಒಂದು. ನಾನೇ ಹಾಕಿಕೊಂಡರೆ ಹನಿ ಕಣ್ಣು ಬಿಟ್ಟು ಕೆನ್ನೆಗೆ ಬೀಳುತ್ತಿತ್ತು. ಪಕ್ಕದ ಕ್ವಾರ್ಟರ್ಸಿನ ತಮಿಳು ಹೆಂಗಸೊಬ್ಬಳು ಅದನ್ನು ನೋಡಿ ತಾನಾಗಿಯೇ ಬಂದಳು. ಅವಳ ಹೆಸರು ಕಣ್ಣಮ್ಮ. ನಾನು ಕಟ್ಟಿ ಹೇಳುತ್ತಿಲ್ಲ, ನಿಜವಾಗಿಯೂ ಅದೇ ಹೆಸರು. ಸೈರನ್ ಕೂಗಿದ ಕೂಡಲೇ ಹಿಟ್ಟಿನ ಕೈ ತೊಳೆದುಕೊಂಡು ಓಡಿಬಂದು, "ಸೈರನ್ ಆಚ್ಚು ಟೀಚರಮ್ಮ, ಮೇಲೆ ನೋಡಿ" ಎನ್ನುತ್ತಿದ್ದಳು. ಒಂದು ದಿನವೂ ಹೊಟ್ಟಿನ ಮಾತು ಕೇಳಲಿಲ್ಲ. ಎರಡು ವರ್ಷ ಹಾಗೆ ಹನಿ ಹಾಕಿದಳು.

ಆ ಎರಡು ವರ್ಷ ಅಕ್ಕನ ಮನೆಗೆ ನಾನು ಹೋದದ್ದು ಕಡಿಮೆ. ಅವಳೂ ಬರುವುದನ್ನು ಕಡಿಮೆ ಮಾಡಿದಳು. ಸಿಟ್ಟು ಅವಳಿಗೂ ಇರಬೇಕು ಎಂದುಕೊಂಡೆ. ಇರಲಿ, ನನಗೇನು ಎಂದುಕೊಂಡೆ.

ಒತ್ತಡ ಏರುವುದು ನಿಂತಿತು, ಆದರೆ ಪೊರೆ ದಟ್ಟವಾಯಿತು. ಯಜಮಾನರ ಮುಖದಲ್ಲಿ ಮೀಸೆ ಯಾವುದು ಮೂಗು ಯಾವುದು ತಿಳಿಯದ ಸ್ಥಿತಿ ಬಂದಾಗ ಡಾಕ್ಟರು, "ಇದನ್ನ ಹಣ್ಣಾಗ್ಲಿ ಅಂತ ಬಿಡಲ್ಲ. ಎಳೆ ಸಡಿಲ ಇದೆ, ಗಾಜೂ ಸೂಕ್ಷ್ಮ. ಭರವಸೆ ಕೊಡೋಕಾಗಲ್ಲ, ಕೈಲಾದಷ್ಟು ಪ್ರಯತ್ನ ಮಾಡ್ತೀನಿ" ಎಂದರು. ಹಿಂದಿನ ದಿನ ನಾನು ಮನೆಯಲ್ಲಿರುವ ಪಾತ್ರೆ, ಗೋಡೆ, ಕಣ್ಣಮ್ಮನ ಮೂಗುತಿ, ಎಲ್ಲವನ್ನೂ ಹತ್ತಿರ ಹೋಗಿ ನೋಡಿದೆ. ಅಂಗೈಯ ಲಿಂಗವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದೆ. ಹೆದರಿದ್ದೆ, ಬಹಳ ಹೆದರಿದ್ದೆ.

ಆಪರೇಷನ್ ಆದ ಮೇಲೆ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆಯ ಎರಡು ಕಡೆ ಮರಳಿನ ಚೀಲ ಇಟ್ಟು ಮಲಗಿಸಿದರು. ಕೆಮ್ಮಬಾರದು, ಅಗಿಯಬಾರದು, ಅಳಬಾರದು, ಹತ್ತು ದಿನ. ಹೆಣ್ಣುಮಕ್ಕಳ ವಾರ್ಡಿನಲ್ಲಿ ಯಜಮಾನರು ಉಳಿಯುವಂತಿರಲಿಲ್ಲ. ಹೇಳಿಕಳಿಸದಿದ್ದರೂ ಅಕ್ಕ ಬಂದಳು. ನಾನು ಮಾತಾಡಲಿಲ್ಲ. ಅವಳು ಗಂಜಿ ತಂದು ಚಮಚದಲ್ಲಿ ಕುಡಿಸುತ್ತಿದ್ದಳು. ಚಮಚ ತುಟಿಗೆ ಬರುವ ಬದಲು ಗದ್ದಕ್ಕೆ ಬರುತ್ತಿತ್ತು. ಲೋಟ ಇಟ್ಟರೆ ಮೇಜಿನ ಅಂಚಿಗೆ ಬಡಿಯುತ್ತಿತ್ತು. ಮೂರನೆಯ ದಿನ ಬಿಸಿ ಗಂಜಿ ನನ್ನ ಕೊರಳ ಮೇಲೆ ಬಿತ್ತು.

"ಕಣ್ಣು ಕಾಣಲ್ವಾ ನಿನಗೆ?" ಎಂದು ಗದರಿದೆ. ಎರಡು ವರ್ಷದಲ್ಲಿ ನಾನು ಅವಳ ಜೊತೆ ಮನಸ್ಸಿಟ್ಟು ಆಡಿದ ಮೊದಲ ಮಾತು ಅದು.

ಅವಳು ಬಗ್ಗಿ ಸೆರಗಿನಿಂದ ನನ್ನ ಕೊರಳು ಒರೆಸಿದಳು. ತಡೆಯಲು ಕೈ ಎತ್ತಿದೆ. ಕೈ ಅವಳ ತಲೆಗೆ ತಾಗಿತು. ಸೆರಗಿನ ಕೆಳಗೆ ತುರುಬಿರಲಿಲ್ಲ. ಬೆರಳಾಡಿಸಿದೆ. ಕಿವಿಯ ಮೇಲೆ, ಕತ್ತಿನ ಹಿಂದೆ, ಎಲ್ಲ ಕಡೆ ಮೋಟಾಗಿ, ಒರಟಾಗಿ ಕತ್ತರಿಸಿದ ಕೂದಲು. ತಾನೇ ಕತ್ತರಿಸಿಕೊಂಡದ್ದೆಂದು ಬೆರಳಿಗೇ ತಿಳಿಯುತ್ತಿತ್ತು. ಸೀಗೆಕಾಯಿಯ ವಾಸನೆ ಬಂತು.

"ಅಕ್ಕ, ಏನಿದು?"

ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, ಪಕ್ಕದ ಮಂಚದವರಿಗೆ ಕೇಳಿಸದ ಹಾಗೆ ಹೇಳಿದಳು. "ಒಂದು ವರ್ಷದ ಮೇಲಾಯ್ತು ಕಣೆ. ದೀಪದ ಸುತ್ತ ಬಳೆ. ಎಡಗಡೆ ಬರೀ ಹೊಗೆ. ದಿನಾ ತಲೆ ತೊಳ್ಕೊಂಡೆ. ಕೂದ್ಲೂ ತೆಗ್ದೆ. ಹೋಗ್ತಾ ಇಲ್ಲ ಪುಟ್ಟಿ, ಹೊಟ್ಟು ಹೋಗ್ತಾ ಇಲ್ಲ."

"ಡಾಕ್ಟ್ರಿಗ್ಯಾಕೆ ತೋರಿಸ್ಲಿಲ್ಲ?"

"ಹ್ಯಾಗೆ ಹೋಗ್ಲಿ? ಅವತ್ತು ಅಷ್ಟು ಜನದ ಮುಂದೆ ತಲೆ ಬಗ್ಗಿಸಿ ತೋರಿಸ್ದೋಳು. ನೀನೇ ಅಂದೆಯಲ್ಲ, ಒಂದೂ ಇಲ್ಲ ಅಂತ."

ಅಳಬಾರದೆಂದು ಹೇಳಿದ್ದರು. ಪಟ್ಟಿಯ ಕೆಳಗೆ ಬಿಸಿಯಾಯಿತು. ಅಕ್ಕ ಗಾಬರಿಯಾಗಿ ಎರಡೂ ಕೈಯಲ್ಲಿ ನನ್ನ ಕೆನ್ನೆ ಹಿಡಿದು, "ಅಳಬೇಡ ಮಾರಾಯ್ತಿ, ಹೊಲಿಗೆ ಬಿಚ್ಚುತ್ತೆ, ಅಳಬೇಡ" ಎನ್ನುತ್ತಿದ್ದಳು. ನಾನು ಡಾಕ್ಟರನ್ನು ಕರೆಯಿರಿ ಎಂದು ಕೂಗಿದೆ. ಕೂಗಲೂಬಾರದೆಂದು ನರ್ಸು ಬೈದಳು. ಆದರೂ ಅವರು ಬರುವವರೆಗೆ ಕೂಗುತ್ತಲೇ ಇದ್ದೆ.

ಅಂದೇ ಅವಳನ್ನು ಯಂತ್ರದ ಮುಂದೆ ಕೂರಿಸಿದರು. ಎರಡೂ ಕಣ್ಣಿನಲ್ಲಿ ಅದೇ ಬಿಳಿ ಹೊಟ್ಟು. ಎಡಗಣ್ಣಿನ ನರ ಪೂರ್ತಿ ಹೋಗಿತ್ತು. ಬಲಗಣ್ಣಿಗೆ ಹನಿ ಶುರು ಮಾಡಿದರು. ಎರಡು ವರ್ಷ ಮುಂಚೆ ಬಂದಿದ್ದರೆ ಎರಡೂ ಉಳಿಯುತ್ತಿದ್ದವೋ ಏನೋ ಎಂದರು. ಅಂದು ಬೆಂಚಿನ ಹತ್ತಿರ ನಡೆದದ್ದು ಅವರಿಗೆ ಗೊತ್ತಿರಲಿಲ್ಲ, ಸಹಜವಾಗಿ ಹೇಳಿದರು.

ನನ್ನ ಕಣ್ಣಿನ ಹೊಲಿಗೆ ಬಿಚ್ಚಲಿಲ್ಲ. ಗಾಜು ಒಂದು ತಿಂಗಳು ಮಂಕಾಗಿದ್ದು ಆಮೇಲೆ ತಿಳಿಯಾಯಿತು. ಸೋಡಾ ಬಾಟಲಿಯ ತಳದಂಥ ಕನ್ನಡಕ ಬಂತು. ಅದರಲ್ಲಿ ಮೊದಲು ಸ್ಪಷ್ಟವಾಗಿ ಕಂಡದ್ದು ಅಕ್ಕನ ತಲೆ.

ಈಗ ಯಜಮಾನರು ನಿವೃತ್ತರಾಗಿದ್ದಾರೆ. ಭದ್ರಾವತಿಯಲ್ಲೇ ಬೇರೆ ಮನೆ, ಅಕ್ಕ ನಮ್ಮ ಜೊತೆಗಿದ್ದಾಳೆ. ಸೈರನ್ ಕೂಗಿದರೆ ಅವಳು ತಲೆ ಹಿಂದಕ್ಕೆ ಹಾಕುತ್ತಾಳೆ, ನಾನು ಹನಿ ಬಿಡುತ್ತೇನೆ. ನನಗೆ ಅವಳು ಬಿಡುತ್ತಾಳೆ, ಎರಡು ಸಲ ಗುರಿ ತಪ್ಪಿ ಮೂರನೆಯ ಸಲ ಸರಿಯಾಗಿ ಬೀಳುತ್ತದೆ. ರಸ್ತೆಯಲ್ಲಿ ನಾನು ಎಡಕ್ಕೆ, ಅವಳು ಬಲಕ್ಕೆ ನಡೆಯುತ್ತೇವೆ. ಕೂದಲು ಇಬ್ಬರಿಗೂ ಬೆಳೆದಿದೆ.

ಅಕ್ಕನಿಗೆ ಓದು ಬಾರದು. ಇಲ್ಲಿಯವರೆಗೆ ಬರೆದದ್ದನ್ನು ನಿನ್ನೆ ಅವಳಿಗೆ ಓದಿ ಹೇಳಿದೆ. ತಲೆಗೂ ಕಣ್ಣಿಗೂ ಸಂಬಂಧವಿಲ್ಲ ಎಂದು ಡಾಕ್ಟರು ಅಂದೇ ನನಗೆ ಹೇಳಿದ್ದರೆಂಬುದು ಅವಳಿಗೆ ನಿನ್ನೆ ತಿಳಿಯಿತು. ಅವಳು ಅವರೆಕಾಯಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು. ಆಮೇಲೆ ಮತ್ತೆ ಬಿಡಿಸತೊಡಗಿದಳು.

"ಬಿಡೆ. ಅವತ್ತು ಹೇಳಿದ್ರೂ ನಾನು ಕೇಳ್ತಿರ್ಲಿಲ್ಲ" ಎಂದಳು.

ಇದು ನನ್ನ ಸಮಾಧಾನಕ್ಕೆ ಆಡಿದ ಮಾತು. ನನಗೆ ಸಮಾಧಾನ ಬೇಕಾಗಿಲ್ಲ. ಕೇಳುತ್ತಿದ್ದಳೋ ಇಲ್ಲವೋ, ಹೇಳಬೇಕಾದವಳು ನಾನಾಗಿದ್ದೆ. ನನ್ನ ಜಡೆಯ ಸಿಟ್ಟಿಗೆ ಹೇಳಲಿಲ್ಲ. ಬಾಯಿ ಇತ್ತಲ್ಲ ಡಾಕ್ಟ್ರೇ ಎಂದು ಅಷ್ಟು ಜನರ ಮುಂದೆ ಆ ಮುದುಕನನ್ನು ಕೇಳಿ ಆಗಿನ್ನೂ ಒಂದು ತಿಂಗಳಾಗಿರಲಿಲ್ಲ.